ನಾಲ್ಕು ಕಿಲೋ ಗಾಳಿ

ಅರಗು ಕರಗುವ ವಾಸನೆ ಬಂತೆಂದರೆ ಅಪ್ಪ ಮನೆಗೆ ಬಂದರು ಎಂದು ಅರ್ಥ. ಅಂಚೆ ಕಚೇರಿಯ ಪಾರ್ಸೆಲ್ ಕೋಣೆಯಲ್ಲಿ ಇಡೀ ದಿನ ಗಂಟುಗಳಿಗೆ ಮೊಹರು ಹಾಕಿ ಬರುತ್ತಿದ್ದ ಅವರ ಬೆರಳ ಸಂದಿಯಲ್ಲಿ, ಅಂಗಿಯ ತೋಳಿನಲ್ಲಿ, ಒಮ್ಮೊಮ್ಮೆ ಹುಬ್ಬಿನ ಕೂದಲಲ್ಲೂ ಆ ವಾಸನೆ ಇರುತ್ತಿತ್ತು. ಸುಟ್ಟ ವಾಸನೆಯೇ, ಆದರೆ ಹೆದರಿಕೆ ಹುಟ್ಟಿಸುವಂಥದಲ್ಲ. ಬೆಳಗಿನ ಜೊಂಪಿನಲ್ಲಿ ಅದು ಮತ್ತೆ ಮೂಗಿಗೆ ಬಂದಾಗ ಅವಳು ತನಗೆ ಅರವತ್ತೇಳು ವರ್ಷವಾಗಿದೆ ಎಂಬುದನ್ನು ಮರೆತು, ಬಾಗಿಲು ತೆಗೆಯಲು ಓಡುವವಳ ಹಾಗೆ ಕಾಲು ಕೆಳಗಿಟ್ಟಳು. ಮಂಚದ ಕೆಳಗಿದ್ದ ರಟ್ಟಿನ ಪೆಟ್ಟಿಗೆಯ ಮೂಲೆ ಹಿಮ್ಮಡಿಗೆ ತಾಗಿತು. ತಾಗಿದ್ದೇ ತಡ ಎಲ್ಲ ನೆನಪಾಯಿತು. ಅದು ಅರಗಲ್ಲ. ಅಡುಗೆಮನೆಯಲ್ಲಿ ತಮ್ಮನ ಹೆಂಡತಿ ಒಡೆದ ಸಕ್ಕರೆ ಪೊಟ್ಟಣದ ಬಾಯನ್ನು ಮೇಣದಬತ್ತಿಯ ಉರಿಗೆ ಹಿಡಿದು ಅಂಟಿಸುತ್ತಿದ್ದಾಳೆ, ಇರುವೆ ಹತ್ತದಿರಲೆಂದು. ಅಪ್ಪ ಹೋಗಿ ನಲವತ್ತು ವರ್ಷವಾಯಿತು. ಮತ್ತು ಇವತ್ತು ದೂರಿನ ಕೊನೆಯ ದಿನ. ಸಂಜೆ ಐದರ ಒಳಗೆ ತೀರ್ಮಾನ ತಿಳಿಸುತ್ತೇವೆಂದು ಆನ್‌ಲೈನ್ ಅಂಗಡಿಯವರು ಫೋನಿನಲ್ಲಿ ಬರೆದಿದ್ದರು.

ಪೆಟ್ಟಿಗೆಯನ್ನು ಕಾಲಿನಿಂದಲೇ ಮೆಲ್ಲಗೆ ಒಳಗೆ ತಳ್ಳಿ, ಹೊದಿಕೆಯ ಅಂಚನ್ನು ನೆಲದವರೆಗೆ ಇಳಿಬಿಟ್ಟಳು. ಹನ್ನೊಂದು ದಿನದಿಂದ ಹೀಗೆ ಇಳಿಬಿಡುತ್ತಿದ್ದಾಳೆ. ಈ ವಯಸ್ಸಿನಲ್ಲಿ ಮಂಚದ ಕೆಳಗೆ ಬಚ್ಚಿಡುವುದೆಂದರೆ ನಾಚಿಕೆಯ ವಿಷಯ. ಅದರಲ್ಲೂ ಬಚ್ಚಿಟ್ಟಿರುವುದು ತಮ್ಮನ ಹೆಂಡತಿಗೆ ಕೊಡಬೇಕಾದ ವಸ್ತು. ದೂರು ನಡೆಯುವಷ್ಟು ಕಾಲ ವಸ್ತುವನ್ನು ಬಳಸುವಂತಿಲ್ಲ, ಯಾರಿಗೂ ಕೊಡುವಂತಿಲ್ಲ, ಬಂದ ಹಾಗೆಯೇ ಪೆಟ್ಟಿಗೆಯಲ್ಲಿ ಇಟ್ಟಿರಬೇಕು ಎಂಬ ನಿಯಮವಿತ್ತು. ನಿಯಮವೆಂದರೆ ನಿಯಮ. ಮೂವತ್ನಾಲ್ಕು ವರ್ಷ ಅದೇ ಪಾರ್ಸೆಲ್ ಕಿಟಕಿಯ ಹಿಂದೆ ಕೂತು ಬೇರೆಯವರಿಗೆ ಅವಳು ಹೇಳಿದ್ದೂ ಇದನ್ನೇ.

ಪಕ್ಕದ ಕೋಣೆಯಲ್ಲಿ ಹೊಲಿಗೆ ಯಂತ್ರ ಶುರುವಾಯಿತು. ಮೊದಲು ನಾಲ್ಕು ಹೆಜ್ಜೆ ನಿಧಾನ, ಆಮೇಲೆ ಒಂದೇ ಓಟ. ಶಾಲೆಯ ಮಕ್ಕಳ ಸಮವಸ್ತ್ರ ಉದ್ದ ಮಾಡುವುದು, ಗಿಡ್ಡ ಮಾಡುವುದು, ಕಿತ್ತ ಜೇಬು ಕೂರಿಸುವುದು. ತಮ್ಮನ ಹೆಂಡತಿಯ ಕೆಲಸ ಅದು. ಯಂತ್ರದ ಮೇಲೆ ಗೋಡೆಯಿಂದ ಚಾಚಿಕೊಂಡಿದ್ದ ದೀಪಕ್ಕೆ ಒಂದು ಗಾಜಿನ ಕವಚವಿತ್ತು. ಹಾಲಿನ ಬಣ್ಣ, ಅಂಚಿನಲ್ಲಿ ಅಲೆಅಲೆಯಾಗಿ ಮಡಿಕೆ, ಒಳಗೆ ಬಲ್ಬು ಹತ್ತಿದರೆ ಬೆಳಕು ಸೋಸಿಕೊಂಡು ಬಟ್ಟೆಯ ಮೇಲೆ ಬೀಳುತ್ತಿತ್ತು. ಅದು ತಮ್ಮನ ಹೆಂಡತಿಯ ತವರಿನಿಂದ ಬಂದದ್ದು. ಆಕೆಯ ತಾಯಿಯೂ ಅದೇ ದೀಪದ ಕೆಳಗೆ ಹೊಲಿಯುತ್ತಿದ್ದಳಂತೆ. ಒಂದೂವರೆ ತಿಂಗಳ ಹಿಂದೆ, ಯಾರೂ ಹೇಳದಿದ್ದರೂ, ಸುಮ್ಮನೆ ಕೂತು ತಿನ್ನುತ್ತಿದ್ದೇನೆ ಅನ್ನಿಸದಿರಲೆಂದು, ಅವಳು ಸ್ಟೂಲು ಹತ್ತಿ ಅದರ ಧೂಳು ಒರೆಸಿದಳು. ಕವಚ ಕೈಜಾರಿ ಬಿದ್ದು ಒಡೆಯಿತು. ಸದ್ದು ಕೂಡ ದೊಡ್ಡದಾಗಿ ಆಗಲಿಲ್ಲ. ತಮ್ಮನ ಹೆಂಡತಿ ಬಂದು ನೋಡಿದಳು. ಪೊರಕೆ ತಂದಳು. ‘ಕಾಲಿಗೆ ಚುಚ್ಚಿಲ್ಲ ತಾನೆ ಅತ್ತಿಗೆ?’ ಎಂದಳು. ಅಷ್ಟೇ. ಆ ದಿನವಾಗಲಿ, ಮರುದಿನವಾಗಲಿ, ಈವರೆಗಾಗಲಿ, ಅದರ ಬಗ್ಗೆ ಇನ್ನೊಂದು ಮಾತು ಆ ಬಾಯಿಂದ ಬಂದಿಲ್ಲ. ಬೈದಿದ್ದರೆ ಅವಳು ಅತ್ತು ಹಗುರವಾಗಿಬಿಡುತ್ತಿದ್ದಳು. ಈಗ ಬರಿಯ ಬಲ್ಬಿನ ಕೆಳಗೆ ಆಕೆ ಹಣೆಗೆ ಹಳೆಯ ಕ್ಯಾಲೆಂಡರಿನ ರಟ್ಟೊಂದನ್ನು ಟೋಪಿಯ ಚಾಚಿನ ಹಾಗೆ ಕಟ್ಟಿಕೊಂಡು ಹೊಲಿಯುತ್ತಾಳೆ. ಸಂಜೆಯ ಹೊತ್ತಿಗೆ ಕಣ್ಣಿನ ಬಿಳಿಯಲ್ಲಿ ಕೆಂಪು ಗೆರೆ.

ಚಹಾಕ್ಕೆಂದು ಹೊರಗೆ ಬಂದಾಗ ತಮ್ಮ ಸಾಕ್ಸು ಹಾಕಿಕೊಳ್ಳುತ್ತಿದ್ದ. ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವನು; ಮನೆಯಲ್ಲಿ ಕೂತಾಗಲೂ ಬಲಗಾಲು ಇಲ್ಲದ ಬ್ರೇಕನ್ನು ಹುಡುಕುತ್ತಿರುತ್ತದೆ.

‘ತಕ್ಕಡಿ ಎದ್ದಳಪ್ಪಾ’ ಎಂದ. ಕಚೇರಿಯಲ್ಲಿ ಅವಳಿಗೆ ಇದ್ದ ಹೆಸರು ಅದು. ಕೈಯಲ್ಲಿ ಗಂಟನ್ನು ಎತ್ತಿದರೆ ಸಾಕು, ತೂಕ ಹೇಳುತ್ತಿದ್ದಳು. ಇಬ್ಬರು ಹೊಸ ಗುಮಾಸ್ತರು ಒಮ್ಮೆ ಪಂಥ ಕಟ್ಟಿ, ಸೋತು, ಇಡೀ ಕಚೇರಿಗೆ ಚಹಾ ಕುಡಿಸಿದ್ದರು. ತಮ್ಮ ಮೇಜಿನ ಮೇಲಿನ ಹಣ್ಣೊಂದನ್ನು ಅವಳ ಅಂಗೈಗೆ ಇಟ್ಟ. ‘ಹೇಳು ನೋಡೋಣ.’

‘ನೂರಾ ಎಂಬತ್ತು. ಬಿಡೋ, ಬೆಳಗ್ಗೆ ಬೆಳಗ್ಗೆ.’

‘ಸೌತೆಕಾಯಿ ಅಂಗಡಿಯವನು ಇವಳನ್ನ ನೋಡಿದ್ರೆ ಗಲ್ಲಾ ಮುಚ್ಚಿಕೊಂಡು ಓಡ್ತಾನೆ ಕಣೆ’ ಎಂದು ಹೆಂಡತಿಗೆ ಕೂಗಿದ. ಒಳಗಿಂದ ಯಂತ್ರ ನಿಲ್ಲದೆ ಉತ್ತರ ಬಂತು: ‘ಅವರ ಕೈ ಸುಳ್ಳು ಹೇಳಲ್ಲ. ನಿಮ್ಮ ಬಾಯಿ ಹಾಗಲ್ಲ.’

ಅವರ ಕೈ ಸುಳ್ಳು ಹೇಳಲ್ಲ. ಈ ಮಾತು ಕೇಳಿ ಬೇರೆ ದಿನವಾದರೆ ಹಿತವಾಗುತ್ತಿತ್ತು. ಇವತ್ತು ಅದನ್ನೇ ಹಿಡಿದುಕೊಂಡು ಅವಳು ಧೈರ್ಯ ತುಂಬಿಸಿಕೊಂಡಳು. ಹೌದಲ್ಲ, ಕೈ ಸುಳ್ಳು ಹೇಳಲಿಲ್ಲ. ತಮ್ಮ ಬಿಟ್ಟುಕೊಟ್ಟ, ಸಿಮ್ ಇಲ್ಲದ, ಮನೆಯೊಳಗೆ ಮಾತ್ರ ನಡೆಯುವ ಹಳೆಯ ಫೋನಿನಲ್ಲಿ ಮಧ್ಯಾಹ್ನಗಳನ್ನೆಲ್ಲ ಕಳೆದು, ಊರೂರಿನವರು ಹಳೆಯ ಸಾಮಾನು ಮಾರುವ ಆ ಆನ್‌ಲೈನ್ ಅಂಗಡಿಯಲ್ಲಿ ಅಂಥದೇ ಹಾಲುಗಾಜು, ಅಂಥದೇ ಮಡಿಕೆಯಂಚು ಹುಡುಕಿದ್ದಳು. ಸಿಕ್ಕಿದ್ದು ಪವಾಡ. ಮಾರುವವಳ ಅಂಗಡಿಗೆ ಹೆಸರಿರಲಿಲ್ಲ; ಹಳೆಯ ಗಾಜು ಎಂದಷ್ಟೇ ಇತ್ತು. ಗಾಜಿಗೆ ಹೇಳಿದ ಬೆಲೆ ಏನೂ ಅಲ್ಲ. ಆದರೆ ಅಂಚೆ ಖರ್ಚು ಗಾಜಿನ ಬೆಲೆಯ ಎರಡರಷ್ಟಕ್ಕಿಂತ ಜಾಸ್ತಿ. ಗಾಜು ಕೈತಪ್ಪೀತೆಂಬ ಆತುರದಲ್ಲಿ ಒಪ್ಪಿಕೊಂಡಳು. ತಮ್ಮನ ಹೆಂಡತಿ ಹೊಲಿದ ಬಟ್ಟೆ ಕೊಡಲು ಹೋಗಿದ್ದ ಹೊತ್ತಿಗೆ ಪೆಟ್ಟಿಗೆ ಬಂತು. ಮೆಟ್ಟಿಲಲ್ಲೇ ಹಣ ಎಣಿಸಿ ಕೊಟ್ಟು, ಎರಡೂ ಕೈಯಲ್ಲಿ ಎತ್ತಿಕೊಂಡಳು. ಎತ್ತಿದ ಕ್ಷಣವೇ ಗೊತ್ತಾಯಿತು. ಒಂದು ಕಿಲೋ, ಅದರ ಮೇಲೆ ನೂರೈವತ್ತು ಗ್ರಾಂ. ಆ ತೂಕಕ್ಕೆ ಅಷ್ಟು ಅಂಚೆ ಖರ್ಚು ಬರಲು ಸಾಧ್ಯವೇ ಇಲ್ಲ. ಗಾಜನ್ನು ಕಡಿಮೆ ಬೆಲೆಗೆ ಮಾರಿದ ಹಾಗೆ ತೋರಿಸಿ, ಅಂಚೆಯ ಹೆಸರಿನಲ್ಲಿ ದುಡ್ಡು ಹೊಡೆದಿದ್ದಾಳೆ. ಬೇರೆ ಯಾವ ಹೆಸರಿನಲ್ಲಾದರೂ ಹೊಡೆದಿದ್ದರೆ ಬಿಟ್ಟುಬಿಡುತ್ತಿದ್ದಳೇನೋ.

ದೂರನ್ನು ಅವಳು ಕಚೇರಿಯ ಭಾಷೆಯಲ್ಲಿ ಬರೆದಿದ್ದಳು. ‘ಈ ಕೆಳಗೆ ಸಹಿ ಮಾಡಿದವಳು ಪಾರ್ಸೆಲ್ ವಿಭಾಗದಲ್ಲಿ ಮೂವತ್ನಾಲ್ಕು ವರ್ಷ ಸೇವೆ ಸಲ್ಲಿಸಿದ್ದು, ತೂಕದ ವಿಷಯದಲ್ಲಿ ಮೋಸ ಹೋಗತಕ್ಕವಳಲ್ಲ.’ ಬರೆಯುವಾಗ ಬೆನ್ನು ನೆಟ್ಟಗಾಗಿತ್ತು. ಮಾರುವವಳ ಉತ್ತರ ಒಂದೇ ಸಾಲು: ‘ಅಂಚೆಯಲ್ಲಿ ಕೇಳಿದಷ್ಟೇ ನಾನು ಹಾಕಿರೋದು.’ ಅವಳು ಮತ್ತೆ ಬರೆದಳು. ಆಕೆ ಉತ್ತರಿಸಿದಳು: ‘ಗಾಜು ಚೆನ್ನಾಗಿ ಬಂತಾ? ಅದನ್ನಾದ್ರೂ ಹೇಳಿ.’ ಅದಕ್ಕೆ ಅವಳು ಉತ್ತರ ಕೊಡಲಿಲ್ಲ. ವಿಷಯಾಂತರ ಮಾಡುವವರನ್ನು ಕಿಟಕಿಯಲ್ಲಿ ಬಹಳ ನೋಡಿದ್ದಳು. ನಿನ್ನೆ ಮಧ್ಯಾಹ್ನ ಬಂದ ಸಂದೇಶ ಮಾತ್ರ ನಿದ್ದೆ ಕೆಡಿಸಿತ್ತು: ‘ಮೇಡಂ, ನಿಮ್ಮ ದೂರು ಇರೋವರೆಗೂ ನನ್ನ ಅಂಗಡಿ ನಿಲ್ಲಿಸಿದ್ದಾರೆ. ನಿಮ್ಮ ಕಡೆ ತೀರ್ಪಾದ್ರೆ ಪೂರ್ತಿ ತೆಗೆದುಹಾಕ್ತಾರೆ. ನನಗೆ ಇದು ಮೂರನೇ ದೂರು. ಮೂರೂ ಅಂಚೆ ಖರ್ಚಿನದೇ. ನಾನು ಮನೆ ಬಿಟ್ಟು ಹೊರಗೆ ಹೋಗೋಕೆ ಆಗೋ ಸ್ಥಿತಿಯಲ್ಲಿಲ್ಲ, ಇದೊಂದೇ ನನಗಿರೋದು.’ ಮೂರು ಜನ ದೂರಿದ್ದಾರೆಂದರೆ ತಪ್ಪು ಆಕೆಯದೇ ಇರಬೇಕಲ್ಲವೇ. ಇರಬೇಕು. ಆದರೂ ರಾತ್ರಿಯಿಡೀ ಅಂಗೈ ತುರಿಸುತ್ತಿತ್ತು. ಬೆಳಗ್ಗೆ ಚಹಾ ಕುಡಿದು ಮುಗಿಸುವ ಹೊತ್ತಿಗೆ ತೀರ್ಮಾನಿಸಿದಳು: ಪೆಟ್ಟಿಗೆಯನ್ನು ತನ್ನ ಹಳೆಯ ಕಚೇರಿಗೇ ಒಯ್ದು, ಅಲ್ಲಿನ ಯಂತ್ರದಲ್ಲಿ ತೂಗಿಸಿ, ಚೀಟಿ ಬರೆಸಿಕೊಂಡು ಬರುವುದು. ಆಗ ಮನಸ್ಸಿಗೂ ಸಮಾಧಾನ, ದೂರಿಗೂ ಸಾಕ್ಷಿ.

ತಮ್ಮ ಹೋದ ಮೇಲೆ, ಯಂತ್ರದ ಸದ್ದು ಜೋರಾಗಿರುವುದನ್ನು ಕಾದು, ಪೆಟ್ಟಿಗೆಗೆ ಹಾಸುಬಟ್ಟೆ ಸುತ್ತಿ ಎದೆಗವಚಿಕೊಂಡು ಹೊರಟಳು. ಎರಡು ಮಹಡಿ ಇಳಿಯುವಷ್ಟರಲ್ಲಿ ಕೆಳಗಿನ ಮನೆಯ ಬೀಗ ರಿಪೇರಿಯವನು ಎದುರಾದ. ‘ಏನಮ್ಮಾ, ಮನೆ ಬದಲಾಯಿಸ್ತಿದ್ದೀರಾ?’ ಅಂದ. ನಕ್ಕಳು. ಬೀದಿಯಲ್ಲಿ ಎಲ್ಲರೂ ಪೆಟ್ಟಿಗೆಯನ್ನೇ ನೋಡುತ್ತಿದ್ದಾರೆ ಅನ್ನಿಸಿತು. ಗಾತ್ರಕ್ಕೆ ತಕ್ಕ ತೂಕವಿಲ್ಲದ ವಸ್ತುವನ್ನು ಎತ್ತಿಕೊಂಡು ನಡೆಯುವುದು ಕಷ್ಟ. ಮುಂದಿನ ದಾರಿ ಕಾಣದು, ಕೈಗೆ ಹಿಡಿತ ಸಿಗದು. ಬಸ್ ನಿಲ್ದಾಣ ದಾಟಿ, ಔಷಧಿ ಅಂಗಡಿ ದಾಟಿ, ಬಣ್ಣ ಬಳಿಯುತ್ತಿದ್ದ ಗೋಡೆಯೊಂದರ ಪಕ್ಕ ಏಣಿಯ ಅಡಿಯಿಂದ ನುಸುಳುವಾಗ ಮೇಲಿದ್ದವನು ತನ್ನ ಡಬ್ಬವನ್ನು ಬೇರೆ ಕೈಗೆ ಬದಲಾಯಿಸಿಕೊಂಡ, ಅವಳ ತಲೆಗೆ ಹನಿ ಬೀಳದಿರಲೆಂದು. ಇಂಥವನ್ನು ಅವಳು ಯಾವತ್ತೂ ಗಮನಿಸುತ್ತಾಳೆ. ಗಮನಿಸಿ ಏನು ಬಂತು? ತಾನು ಕೂತಿದ್ದ ಕಡೆ ಡಬ್ಬ ಬದಲಾಯಿಸಿದ್ದಳೇ?

ಹಾಗೆ ಕೇಳಿಕೊಂಡದ್ದೇ ತಪ್ಪಾಯಿತು. ಕಚೇರಿಯ ಮೆಟ್ಟಿಲು ಕಾಣುತ್ತಿದ್ದಂತೆ ಆ ಕ್ಷೌರಿಕ ನೆನಪಿನಲ್ಲಿ ಬಂದು ನಿಂತ. ಇಪ್ಪತ್ತೈದು ವರ್ಷವಾಯಿತೇನೋ. ತನ್ನ ತಮ್ಮ ಬೇರೆ ಊರಿನಲ್ಲಿ ಹೊಸ ಅಂಗಡಿ ಹಾಕಿದ್ದಾನೆ, ಅವನಿಗೊಂದು ಕನ್ನಡಿ ಕಳಿಸಬೇಕು ಎಂದಿದ್ದ. ಕನ್ನಡಿಯನ್ನು ಅಂಗಡಿಯ ಟವೆಲುಗಳಲ್ಲಿ ಸುತ್ತಿ, ಬಟ್ಟೆ ಹೊಲಿದು ತಂದಿದ್ದ. ಅವಳು ಕೈಗೆ ತೆಗೆದುಕೊಂಡು, ತೂಗುವ ಮೊದಲೇ, ‘ಅರವತ್ತು ಗ್ರಾಂ ಜಾಸ್ತಿಯಾಯ್ತು, ಮುಂದಿನ ದರಕ್ಕೆ ಹೋಗುತ್ತೆ’ ಎಂದಳು. ತಕ್ಕಡಿಯೂ ಅದನ್ನೇ ಹೇಳಿತು. ಹಿಂದೆ ನಿಂತವನೊಬ್ಬ ಶಭಾಷ್ ಅಂದ. ಕ್ಷೌರಿಕ ಜೇಬು ತಡಕಿದ. ಇನ್ನೊಂದು ಜೇಬು ತಡಕಿದ. ಆಮೇಲೆ ಏನೂ ಹೇಳದೆ, ಸಾಲಿನಲ್ಲಿ ಅಷ್ಟು ಜನ ನೋಡುತ್ತಿರುವಾಗ, ಹಲ್ಲಿನಲ್ಲಿ ಹೊಲಿಗೆ ಕಚ್ಚಿ ಬಿಚ್ಚಿ, ಒಂದು ಟವೆಲು ಹೊರಗೆ ತೆಗೆದ. ತೂಕ ಇನ್ನೂ ಹತ್ತು ಗ್ರಾಂ ಹೆಚ್ಚಿತ್ತು. ಎರಡನೆಯದನ್ನೂ ತೆಗೆದ. ಎರಡು ಟವೆಲುಗಳನ್ನು ಹೆಗಲ ಮೇಲೆ ಹಾಕಿಕೊಂಡು, ‘ಈಗ ಸರಿಹೋಯ್ತಾ ಅಮ್ಮಾ?’ ಎಂದು ಕೇಳಿದ. ಸರಿಹೋಗಿತ್ತು. ಕನ್ನಡಿ ಈಗ ಒಡೆಯುತ್ತದೆಂದು ಅವಳ ಕೈಗೆ ಆಗಲೇ ಗೊತ್ತಾಗಿತ್ತು. ಹತ್ತು ಗ್ರಾಂ ಕಣ್ಣು ಮುಚ್ಚಿದ್ದರೆ ಯಾರು ಕೇಳುತ್ತಿದ್ದರು? ಅದಕ್ಕೆ ಬದಲಾಗಿ ಅವಳು ‘ಗಾಜು, ಜೋಪಾನ’ ಎಂಬ ಕೆಂಪು ಮೊಹರನ್ನು ಎರಡು ಬಾರಿ ಒತ್ತಿದ್ದಳು, ಮೊಹರಿಗೆ ದುಡ್ಡಿಲ್ಲ. ತಿಂಗಳ ನಂತರ ಅವನು ಒಂದೇ ಒಂದು ಅಂಚೆಚೀಟಿ ಕೊಳ್ಳಲು ಬಂದ. ಕನ್ನಡಿ ಏನಾಯಿತೆಂದು ಅವಳು ಕೇಳಲಿಲ್ಲ. ಅವನೂ ಹೇಳಲಿಲ್ಲ.

ಕಿಟಕಿಯ ಹಿಂದೆ ಈಗ ಕೂರುವವನು ಒಂದು ಕಾಲಕ್ಕೆ ಅವಳ ಕೈಕೆಳಗೆ ಚೀಟಿಗಳಿಗೆ ಮಸಿಮುದ್ರೆ ಒತ್ತುತ್ತಿದ್ದವನು. ದಪ್ಪ ಗಾಜಿನಿಂದಾಗಿ ಎಲ್ಲರೂ ಕನ್ನಡಕ ಎಂದೇ ಕರೆಯುತ್ತಿದ್ದರು. ಅವಳನ್ನು ಕಂಡವನೇ ಎದ್ದು ನಿಂತ.

‘ತಕ್ಕಡಿ ಮೇಡಂ! ಒಳಗೆ ಬನ್ನಿ, ಸಾಲಲ್ಲಿ ಯಾಕೆ?’

‘ಇಲ್ಲಪ್ಪ, ಸಾಲೇ ಸರಿ. ಇದನ್ನೊಂದು ತೂಗಿ ಚೀಟಿ ಬರೆದುಕೊಡು.’

‘ಮೊದಲು ನೀವು ಹೇಳಬೇಕು. ಆಮೇಲೆ ಯಂತ್ರ.’

‘ಒಂದು ಕಿಲೋ ನೂರೈವತ್ತು.’

ಹಾಸುಬಟ್ಟೆ ಬಿಚ್ಚಿ ಪೆಟ್ಟಿಗೆ ಇಟ್ಟಳು. ಯಂತ್ರದ ಮೇಲೆ ಕೆಂಪು ಅಂಕಿಗಳು ಓಡಿ ನಿಂತವು. ಸಾವಿರದ ನೂರ ನಲವತ್ತೆಂಟು. ‘ನೋಡ್ರಪ್ಪಾ!’ ಎಂದು ಕನ್ನಡಕ ಹಿಂದಿನ ಮೇಜಿನವರನ್ನು ಕರೆದ. ಇಬ್ಬರು ಹೊಸಬರು ಕತ್ತು ಚಾಚಿ ನಕ್ಕರು. ಅವಳ ಮುಖ ಬಿಸಿಯಾಯಿತು, ಹುಡುಗಿಯ ಹಾಗೆ. ಒಂಬತ್ತು ವರ್ಷದ ನಂತರವೂ. ಆ ಎರಡು ಗ್ರಾಂ ಪೆಟ್ಟಿಗೆ ಬಂದ ದಿನ ಕಿತ್ತ ಅಂಟುಪಟ್ಟಿಯದಿರಬೇಕು.

‘ಇದಕ್ಕೆ ಅಷ್ಟೊಂದು ಅಂಚೆ ಖರ್ಚು ಹಾಕಿದ್ದಾಳೆ ನೋಡು’ ಎಂದು ಪೆಟ್ಟಿಗೆಯ ಮೇಲಿನ ಮೊತ್ತ ತೋರಿಸಿದಳು. ‘ಒಂದು ಕಿಲೋ ಚಿಲ್ಲರೆಗೆ ಇಷ್ಟಾಗುತ್ತಾ, ನೀನೇ ಹೇಳು.’

ಕನ್ನಡಕ ಮೊತ್ತ ನೋಡಿದ. ಪೆಟ್ಟಿಗೆ ನೋಡಿದ. ಮೇಜಿನ ಖಾನೆಯಿಂದ ಅಳತೆಪಟ್ಟಿ ತೆಗೆದು, ಅವಳ ಮುಖ ನೋಡದೆ, ಮೂರು ಕಡೆ ಹಿಡಿದ. ಉದ್ದ ಮೂವತ್ತು, ಅಗಲ ಮೂವತ್ತು, ಎತ್ತರ ಇಪ್ಪತ್ತೆಂಟು. ‘ಸರಿಯಾಗೇ ಇದೆ ಮೇಡಂ’ ಎಂದ, ಈಗ ದನಿ ತಗ್ಗಿಸಿ. ‘ನೀವು ಹೋದಮೇಲೆ ಬಂದ ನಿಯಮ. ಹಗುರ ಇದ್ದು ಗಾತ್ರ ದೊಡ್ಡದಿದ್ರೆ ಅಳತೆ ಮೇಲೆ ಲೆಕ್ಕ. ಇದು ಐದು ಕಿಲೋ ಅಂತ ಆಗುತ್ತೆ.’

‘ಐದು ಕಿಲೋ ಎಲ್ಲಿದೆ ಇದರಲ್ಲಿ?’

‘ಒಂದು ಕಿಲೋ ಸಾಮಾನು, ನಾಲ್ಕು ಕಿಲೋ ಗಾಳಿ’ ಎಂದು ನಗಲು ನೋಡಿ, ನಗದೆ ನಿಲ್ಲಿಸಿದ. ‘ನಿಮಗೆ ಗೊತ್ತಿರುತ್ತೆ ಅನ್ಕೊಂಡೆ. ಚೀಟಿ ಬರೀಲಾ?’

‘ಬೇಡ’ ಎಂದಳು. ಹಿಂದೆ ಸಾಲಿನಲ್ಲಿ ಒಬ್ಬಾಕೆ ಕೆಮ್ಮಿದಳು. ಅವಳು ಪೆಟ್ಟಿಗೆಗೆ ಹಾಸುಬಟ್ಟೆ ಸುತ್ತಲು ಹೋದಳು, ಗಂಟು ಬೀಳಲಿಲ್ಲ. ಕನ್ನಡಕ ಕಿಟಕಿಯ ಕೆಳಗಿನಿಂದ ಕೈ ಚಾಚಿ ಗಂಟಿನ ಮೇಲೆ ಬೆರಳಿಟ್ಟು ಹಿಡಿದ, ಅವಳು ಕಟ್ಟುವವರೆಗೆ. ಮುಂಚೆ ದಾರದ ಗಂಟಿಗೆ ಅರಗು ಬಿಡುವಾಗ ಅವನು ಹೀಗೇ ಹಿಡಿಯುತ್ತಿದ್ದ.

ಮನೆಗೆ ಬಂದ ದಾರಿ ಅವಳಿಗೆ ನೆನಪಿಲ್ಲ. ಕೋಣೆಯ ಬಾಗಿಲು ಹಾಕಿಕೊಂಡು ಪೆಟ್ಟಿಗೆಯನ್ನು ಮಂಚದ ಮೇಲಿಟ್ಟು, ಮೊದಲ ಸಲ ಪೂರ್ತಿಯಾಗಿ ಬಿಚ್ಚಿದಳು. ಬಂದ ದಿನ ಮೇಲಿನ ಪದರ ಸರಿಸಿ ಒಳಪೆಟ್ಟಿಗೆಯ ಅಂಚನ್ನಷ್ಟೇ ನೋಡಿ, ಕೋಪದಲ್ಲಿ ಮುಚ್ಚಿದ್ದಳು. ಈಗ ಒಂದೊಂದಾಗಿ ತೆಗೆದಳು. ಮುದುಡಿದ ಕಾಗದದ ಉಂಡೆಗಳು, ಒಂದೊಂದೂ ಒಂದೇ ಗಾತ್ರ, ಬಿಗಿಯಾಗಿಯೂ ಅಲ್ಲ ಸಡಿಲವಾಗಿಯೂ ಅಲ್ಲ, ಒತ್ತಿದರೆ ತಗ್ಗಿ ಮತ್ತೆ ಉಬ್ಬುವ ಹಾಗೆ. ಅವುಗಳ ಒಳಗೆ ಇನ್ನೊಂದು ಪೆಟ್ಟಿಗೆ. ಅದರೊಳಗೆ ದಿಂಬಿನ ಹತ್ತಿ. ಹತ್ತಿಯ ಮಧ್ಯೆ ಗಾಜು, ಹಳೆಯ ಹೊದಿಕೆಯ ಬಟ್ಟೆಯಲ್ಲಿ ಹೊಲಿದ ಚೀಲದಲ್ಲಿ. ಚೀಲವನ್ನು ಗಾಜಿನ ಅಳತೆಗೇ ಹೊಲಿದಿದ್ದರು. ಮಡಿಕೆ ಬರುವ ಕಡೆ ಒಂದೊಂದು ಚುಕ್ಕೆ ಹೊಲಿಗೆ, ಕುತ್ತಿಗೆಯ ಹತ್ತಿರ ದಾರ ಎಳೆದು ಕಟ್ಟುವ ಹಾಗೆ. ಕೈಹೊಲಿಗೆ. ದಾರ ಸಡಿಲಿಸಿ ಒಳಗೆ ಇಣುಕಿದಳು, ಗಾಜಿಗೆ ಎಲ್ಲೂ ಬಿರುಕಿರಲಿಲ್ಲ. ಗಾಜು ಎತ್ತ ಕಡೆಯಿಂದ ಬಿದ್ದರೂ ನಾಲ್ಕು ಬೆರಳಷ್ಟು ಗಾಳಿಯ ಮೇಲೆ ಬೀಳುತ್ತಿತ್ತು. ಎರಡು ಟವೆಲುಗಳನ್ನು ಹೆಗಲ ಮೇಲೆ ಹಾಕಿಕೊಂಡವನು ನೆನಪಾಗಿ ಅವಳು ಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಈ ಗಾಳಿಗೆ ತಾನು ದುಡ್ಡು ಕೊಡಲೊಲ್ಲೆ ಎಂದು ದೂರಿದ್ದಾಳೆ. ಗಾಜು ಚೆನ್ನಾಗಿ ಬಂತಾ, ಅದನ್ನಾದ್ರೂ ಹೇಳಿ. ಆಕೆ ವಿಷಯಾಂತರ ಮಾಡಿರಲಿಲ್ಲ.

ಗಡಿಯಾರದಲ್ಲಿ ಎರಡೂವರೆ. ಐದರವರೆಗೆ ಹೊತ್ತಿದೆ. ಫೋನು ತೆಗೆದು ‘ದೂರು ಹಿಂತೆಗೆದುಕೊಳ್ಳಿ’ ಎಂಬುದನ್ನು ಹುಡುಕಿದಳು. ಸಿಕ್ಕಿತು. ಕಾರಣ ಆರಿಸಿ ಅಂದಿತು. ಹಣ ವಾಪಸಾಗಿದೆ, ವಸ್ತು ತಡವಾಗಿ ತಲುಪಿದೆ, ಮಾರಾಟಗಾರರೊಂದಿಗೆ ರಾಜಿಯಾಗಿದೆ, ಇತರೆ. ತಪ್ಪು ನನ್ನದು ಎಂಬುದು ಅದರಲ್ಲಿರಲಿಲ್ಲ. ಇತರೆ ಒತ್ತಿದಳು. ಆಗ ಬಂತು: ನಿಮ್ಮ ನೋಂದಾಯಿತ ದೂರವಾಣಿಗೆ ಆರಂಕಿಯ ಸಂಖ್ಯೆ ಕಳಿಸಲಾಗಿದೆ, ಹತ್ತು ನಿಮಿಷದೊಳಗೆ ನಮೂದಿಸಿ. ಅವಳು ತನ್ನ ಫೋನನ್ನೇ ನೋಡುತ್ತ ಕಾದಳು. ಗೋಡೆಯಾಚೆ, ಹೊಲಿಗೆ ಯಂತ್ರದ ಮೇಜಿನ ಮೇಲೆ, ತಮ್ಮನ ಹೆಂಡತಿಯ ಫೋನು ಟಿಣ್ ಎಂದಿತು.

ಈ ಫೋನಿಗೆ ಸಿಮ್ ಇಲ್ಲ. ಖಾತೆ ತೆರೆಯುವ ದಿನ ನಂಬರು ಬೇಕೆಂದಾಗ ‘ನನ್ನದೇ ಹಾಕಿ ಅತ್ತಿಗೆ’ ಎಂದು ಆಕೆ ಹೇಳಿದ್ದಳು. ಅದು ಮರೆತೇ ಹೋಗಿತ್ತು.

ಎದ್ದು ಬಾಗಿಲವರೆಗೆ ಹೋದಳು. ಯಂತ್ರ ಓಡುತ್ತಿತ್ತು. ಏನೆಂದು ಕೇಳುವುದು? ನಿನ್ನ ಫೋನಿಗೆ ಬಂದ ಸಂಖ್ಯೆ ಹೇಳು ಎಂದರೆ ಯಾಕೆ ಎನ್ನುತ್ತಾಳೆ. ಯಾಕೆ ಎಂದರೆ ದೀಪ. ದೀಪ ಎಂದರೆ ಒಡೆದದ್ದು. ಒಡೆದದ್ದನ್ನು ಸರಿಮಾಡಹೊರಟು ಇನ್ನೊಬ್ಬಳ ಬಾಳನ್ನು ಒಡೆದದ್ದು. ಅವರ ಕೈ ಸುಳ್ಳು ಹೇಳಲ್ಲ ಎಂದವಳ ಮುಂದೆ ಇದನ್ನೆಲ್ಲ ಹೇಳಬೇಕು. ವಾಪಸು ಬಂದು ಮಂಚದ ಮೇಲೆ ಕೂತಳು. ಹತ್ತು ನಿಮಿಷ ಕಳೆಯಿತು. ಮತ್ತೆ ಒತ್ತಿದಳು. ಗೋಡೆಯಾಚೆ ಟಿಣ್ ಎಂದಿತು. ಆಕೆ ಬಚ್ಚಲಿಗೆ ಹೋದಾಗ ತಾನೇ ನೋಡಿಬಿಡಬಹುದು ಎಂದು ಹೊಂಚಿದಳು. ಬಚ್ಚಲ ಬಾಗಿಲ ಸದ್ದಾದಾಗ ಹೋಗಿ ನೋಡಿದರೆ ಫೋನಿಗೆ ಬೀಗವಿತ್ತು, ಬೆರಳು ಕೇಳುತ್ತಿತ್ತು. ಕಳ್ಳಿಯ ಹಾಗೆ ಮರಳಿದಳು. ಮೂರನೆಯ ಸಲ ಒತ್ತಿದಳು. ಮೂರೂಮುಕ್ಕಾಲಿಗೆ ತಮ್ಮ ಊಟ ಮಾಡದೆ ಬಂದು, ಒಬ್ಬ ಶಿಷ್ಯ ಗೇಟಿಗೆ ಗಾಡಿ ಗುದ್ದಿದ ಕಥೆ ಹೇಳಿ, ನಿಂತೇ ತಿಂದು ಹೋದ. ಅವನಿಗೆ ಹೇಳಬಹುದಿತ್ತು. ಅವನು ನಗುತ್ತಿದ್ದ, ನಕ್ಕು ಊರಿಗೆಲ್ಲ ಹೇಳುತ್ತಿದ್ದ, ಸುಲಭವಾಗಿ ಮುಗಿಯುತ್ತಿತ್ತು. ಹೇಳದೆ ಅತ್ತಿತ್ತ ನಡೆದಳು. ಕೋಣೆಗೆ ಎಷ್ಟು ಹೆಜ್ಜೆ, ಬಾಗಿಲಿಗೆ ಎಷ್ಟು ಹೆಜ್ಜೆ, ಎಲ್ಲ ಲೆಕ್ಕ ಸಿಕ್ಕಿತು. ತನ್ನ ಕಿಟಕಿಯ ಮುಂದೆ ನಿಂತವರು ಜೇಬು ತಡಕುತ್ತಿದ್ದಾಗ ಇಷ್ಟೇ ಜಾಗ ಇರುತ್ತಿತ್ತೇನೋ ಅವರಿಗೂ, ಹಿಂದೆ ಹೋಗಲು ಸಾಲು ಬಿಡದೆ, ಮುಂದೆ ಸರಳು ಬಿಡದೆ.

ನಾಲ್ಕನೆಯ ಸಲ ಟಿಣ್ ಎಂದಾಗ ಯಂತ್ರ ನಿಂತಿತು. ಅವಳು ಹೋಗಿ ಬಾಗಿಲಲ್ಲಿ ನಿಂತಳು. ಬಲ್ಬಿನ ಬೆಳಕು ಕಣ್ಣಿಗೆ ಹೊಡೆಯಿತು. ರಟ್ಟಿನ ಚಾಚಿನ ಕೆಳಗೆ ತಮ್ಮನ ಹೆಂಡತಿಯ ಮುಖ ಕಾಣಲಿಲ್ಲ, ಬಾಯಲ್ಲಿ ಗುಂಡುಪಿನ್ನುಗಳಿದ್ದವು. ಒಂದೊಂದಾಗಿ ತೆಗೆದು ಪಿನ್ನಿನ ಪುಟ್ಟ ದಿಂಬಿಗೆ ಚುಚ್ಚಿದಳು.

‘ನಿನ್ನ ಫೋನಿಗೆ...’ ಎಂದಳು ಅವಳು.

‘ನಾಲ್ಕು ಬಂದಿವೆ. ಕೊನೇದು ಬೇಕಾ?’

‘ಗೊತ್ತಿತ್ತಾ ನಿನಗೆ?’

‘ಮೊದಲನೇ ದಿನದಿಂದ ಎಲ್ಲ ಇಲ್ಲೇ ಬರ್ತಿದೆ ಅತ್ತಿಗೆ. ಗಾಜು ಹೊರಟಿತು ಅಂತ, ತಲುಪಿತು ಅಂತ, ದೂರು ಬಂತು ಅಂತ.’ ಬಟ್ಟೆಯಿಂದ ಒಂದು ದಾರದ ಎಳೆ ಕಿತ್ತಳು. ‘ನೀವು ಕೊಡೋವಾಗ ಹೊಸದಾಗಿ ನೋಡಿದ ಹಾಗೆ ನೋಡೋಣ ಅಂತ ಸುಮ್ಮನಿದ್ದೆ.’

ಸಂಖ್ಯೆಯನ್ನು ಓದಿ ಹೇಳಿದಳು, ಎರಡೆರಡು ಅಂಕಿಯಾಗಿ, ಮಗುವಿಗೆ ಹೇಳುವಂತೆ. ಅವಳು ಒತ್ತಿದಳು. ಒಂದು ಅಂಕಿ ತಪ್ಪಿತು, ತಿದ್ದಿದಳು. ಸುತ್ತುವ ಗೆರೆಯೊಂದು ಬಂದು ಸುತ್ತಿತು. ಆಮೇಲೆ ಪರದೆಯ ಮೇಲೆ ಹಸಿರು ಅಕ್ಷರ: ‘ಅಭಿನಂದನೆಗಳು. ನಿಮ್ಮ ದೂರು ನಿಮ್ಮ ಪರವಾಗಿ ತೀರ್ಮಾನವಾಗಿದೆ. ಅಂಚೆ ಖರ್ಚನ್ನು ಮಾರಾಟಗಾರರಿಂದ ವಸೂಲು ಮಾಡಿ ಹಿಂದಿರುಗಿಸಲಾಗುವುದು. ತೀರ್ಮಾನವಾದ ದೂರನ್ನು ಹಿಂತೆಗೆದುಕೊಳ್ಳಲು ಅವಕಾಶವಿಲ್ಲ.’ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ತೀರ್ಮಾನವಾಗಿತ್ತು. ಈಗ ನಾಲ್ಕು ಇಪ್ಪತ್ತು. ಐದಕ್ಕೆ ಎಂದು ಅವರು ಹೇಳಿರಲಿಲ್ಲ. ಐದರ ಒಳಗೆ ಎಂದಿದ್ದರು. ಮಾರುವವಳಿಗೆ ಬರೆಯಲು ಹೋದಳು. ಈ ಅಂಗಡಿ ಈಗ ಇಲ್ಲ ಎಂದಿತು.

‘ಗೆದ್ದೆ’ ಎಂದಳು. ಬೇರೆ ಶಬ್ದ ಸಿಗಲಿಲ್ಲ.

ನಿಂತಲ್ಲೇ ಎಲ್ಲ ಹೇಳಿದಳು. ಅಳತೆ, ನಿಯಮ, ಕನ್ನಡಕ, ನಾಲ್ಕು ಕಿಲೋ ಗಾಳಿ. ಕ್ಷೌರಿಕನದನ್ನೂ ಹೇಳಿದಳು, ಅದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ತಮ್ಮನ ಹೆಂಡತಿ ಕೈಯಲ್ಲಿದ್ದ ಬಟ್ಟೆ ಮಡಿಸಿಟ್ಟಳು. ಎದ್ದು ಹೋಗಿ ಮಂಚದ ಮೇಲಿದ್ದುದನ್ನೆಲ್ಲ ತಂದು ಮೇಜಿನ ಮೇಲಿಟ್ಟಳು. ಚೀಲವನ್ನು ಬೆಳಕಿಗೆ ಹಿಡಿದು, ಹಣೆಯ ರಟ್ಟನ್ನು ಮೇಲಕ್ಕೆ ಸರಿಸಿ, ಹೊಲಿಗೆಯ ಮೇಲೆ ಬೆರಳಾಡಿಸಿದಳು. ಬಹಳ ಹೊತ್ತು.

‘ಇದನ್ನ ಹೊಲಿದವರಿಗೆ ಒಂದು ಕೈ ಸರಿಯಿಲ್ಲ’ ಎಂದಳು ಕೊನೆಗೆ. ‘ನೋಡಿ, ಗಂಟುಗಳನ್ನೆಲ್ಲ ಹಲ್ಲಲ್ಲಿ ಎಳೆದಿದ್ದಾರೆ. ದಾರದ ತುದಿ ಜಜ್ಜಿದೆ.’

ಚೀಲ ಬಿಚ್ಚಿ ಗಾಜು ಹೊರಗೆ ತೆಗೆಯಲಿಲ್ಲ. ಅವಳೂ ತೆಗೆಯೆನ್ನಲಿಲ್ಲ. ಒಂದು ಬಲ್ಬು, ಒಂದು ಗಾಜು, ನಡುವೆ ಒಂದು ಮೊಳ. ಯಾರೂ ಕೈ ಚಾಚಲಿಲ್ಲ. ತಮ್ಮನ ಹೆಂಡತಿ ಬಟ್ಟೆ ಕತ್ತರಿಸುವ ಕತ್ತರಿಯಲ್ಲಿ, ರಟ್ಟಿಗೆ ಎಂದೂ ತಾಗಿಸದ ಕತ್ತರಿ ಅದು, ಪೆಟ್ಟಿಗೆಯ ಮೇಲಿನ ಕಳುಹಿಸಿದವರ ವಿಳಾಸವನ್ನು ಚೌಕವಾಗಿ ಕತ್ತರಿಸಿ ತೆಗೆದು ಅವಳ ಮುಂದಿಟ್ಟಳು. ಅಂಗಡಿ ಇಲ್ಲದಿರಬಹುದು, ಮನೆಯಿರುತ್ತದೆ. ಯಂತ್ರದ ಮೇಲಿನ ಸಮವಸ್ತ್ರಗಳನ್ನು ಒಟ್ಟಿ ಕುರ್ಚಿಗೆ ಹಾಕಿ, ದೀಪದ ಕೆಳಗೆ ಜಾಗ ಮಾಡಿದಳು. ಬಿಳಿ ಹಾಳೆಗಳನ್ನೂ ಪೆನ್ನನ್ನೂ ತಂದಿಟ್ಟು, ಹಣೆಯ ರಟ್ಟು ಬಿಚ್ಚಿ ಮೇಜಿನ ಅಂಚಿಗಿಟ್ಟು ಅಡುಗೆಮನೆಗೆ ಹೋದಳು.

ಅವಳು ಕೂತಳು. ‘ಈ ಕೆಳಗೆ ಸಹಿ ಮಾಡಿದವಳು’ ಎಂದು ಬರೆದಳು. ಹೊಡೆದುಹಾಕಿದಳು. ಎರಡನೆಯ ಹಾಳೆಯಲ್ಲಿ ‘ತಮ್ಮ ಗಮನಕ್ಕೆ ತರುವುದೇನೆಂದರೆ’ ಎಂದಾಯಿತು. ಅದೂ ಬೇಡ. ಮೂವತ್ನಾಲ್ಕು ವರ್ಷ ಬರೆದ ಕೈಗೆ ಬೇರೆ ಭಾಷೆ ಬರುತ್ತಿರಲಿಲ್ಲ. ಹಣ ವಾಪಸು ಕಳಿಸಬಹುದು, ಕಳಿಸುತ್ತಾಳೆ, ನಾಳೆಯೇ. ಅಂಗಡಿಯನ್ನು ಯಾವ ಪೆಟ್ಟಿಗೆಯಲ್ಲಿ ಹಾಕಿ ಕಳಿಸುವುದು? ಕಿಟಕಿಯ ಆಚೆ ಬೆಳಕು ಇಳಿಯಿತು. ಬಲ್ಬು ಕಣ್ಣಿಗೆ ಚುಚ್ಚುತ್ತಿತ್ತು. ನೀರು ಬಂದು ಗೆರೆಗಳು ಕಲಸಿಹೋದವು. ಮೇಜಿನ ಅಂಚಿನಲ್ಲಿದ್ದ ಕ್ಯಾಲೆಂಡರಿನ ರಟ್ಟು ಕೈಗೆ ತಾಗಿತು. ಎತ್ತಿ ಹಣೆಗೆ ಕಟ್ಟಿಕೊಂಡಳು. ಬೇರೊಬ್ಬರ ತಲೆಯ ಅಳತೆಗೆ ಕಟ್ಟಿದ್ದ ದಾರ ಬಿಗಿಯಾಗಿತ್ತು. ಆರನೆಯ ಹಾಳೆಯೋ ಏಳನೆಯದೋ, ತಲೆ ಎತ್ತದೆ ಬರೆದಳು: ‘ಗಾಜು ಚೆನ್ನಾಗಿ ಬಂದಿದೆ.’ ನಿಂತಳು. ಇದನ್ನು ಹನ್ನೊಂದು ದಿನದ ಹಿಂದೆ ಬರೆಯಬೇಕಿತ್ತು. ಮುಂದೇನೆಂದು ಗೊತ್ತಿರಲಿಲ್ಲ, ಪೆನ್ನನ್ನು ಮಾತ್ರ ಹಾಳೆಯಿಂದ ಎತ್ತಲಿಲ್ಲ.

ಹಿಂದಿನಿಂದ ತಮ್ಮನ ಹೆಂಡತಿ ಬಂದದ್ದು ಬಿಸಿಯುಸಿರಿನಿಂದ ತಿಳಿಯಿತು. ಹೊಡೆದುಹಾಕಿದ ಹಾಳೆಗಳನ್ನು ಓದದೆ ಒಟ್ಟುಮಾಡಿ ಪಕ್ಕಕ್ಕಿಟ್ಟಳು. ಆ ಜಾಗದಲ್ಲಿ ಊಟದ ತಟ್ಟೆಯನ್ನು ಸದ್ದಾಗದಂತೆ ಇಟ್ಟು, ಹೋಗುವ ಮೊದಲು, ಪೆನ್ನು ಬಿಡದ ಬಲಗೈಯನ್ನು ನೋಡಿ, ಚಮಚವನ್ನು ತೆಗೆದು ಎಡಗಡೆಗೆ ಇಟ್ಟಳು.